ಐಷಾರಾಮಿ ಹೈಬ್ರಿಡ್ ಕಾರು ಚೆನ್ನಾಗಿ ಮಾರಾಟವಾಗುತ್ತದೆ, ನಿಜ. ಆದರೆ ಕೊಳ್ಳುವವರು ಯಾರು?

ಸ್ವೀಡನ್ನಿಗೆ ಬಂದು ಮೂರ್ನಾಲ್ಕು ವರ್ಷವಾದ ಕನ್ನಡಿಗರು ನನ್ನನ್ನು ಹೆಚ್ಚಾಗಿ ಕೇಳುವುದು ಷೇರಿನ ಬಗ್ಗೆ ಅಲ್ಲ, ಮನೆ ಸಾಲದ ಬಗ್ಗೆಯೂ ಅಲ್ಲ, ಕಾರಿನ ಬಗ್ಗೆ. "ಆಫೀಸ್ ಪಾರ್ಕಿಂಗಲ್ಲಿ ನೋಡಿದ್ರೆ ಎಲ್ಲಾ ಪ್ಲಗ್-ಇನ್ ಹೈಬ್ರಿಡ್ ವೋಲ್ವೋ, ಬಿಎಂಡಬ್ಲ್ಯೂ. ಇಷ್ಟು ಜನ ತಗೊಂಡಿದಾರೆ ಅಂದ್ಮೇಲೆ ಒಳ್ಳೇದೇ ಇರ್ಬೇಕಲ್ವಾ? ಮೂರು ವರ್ಷ ಹಳೇದು ಒಂದು ತಗೊಳ್ಲಾ, ಇಲ್ಲಾ ಪೆಟ್ರೋಲೇ ಸಾಕಾ?"

ಪ್ರಶ್ನೆ ಸಣ್ಣದಲ್ಲ. ಮನೆ ಬಿಟ್ಟರೆ ನಮ್ಮಲ್ಲಿ ಬಹುತೇಕರು ಒಂದೇ ಏಟಿಗೆ ಹಾಕುವ ಅತಿ ದೊಡ್ಡ ಮೊತ್ತ ಇದು. ಅದರ ಮೇಲೆ ಇನ್ನೆರಡು ವರ್ಷ ಇಲ್ಲೇ ಇರುತ್ತೇವೋ, ಬೆಂಗಳೂರಿಗೆ ವಾಪಸ್ಸೋ ಎಂಬುದೂ ಗೊತ್ತಿರುವುದಿಲ್ಲ. ಹಾಗಾಗಿ ಕೊಂಡ ಬೆಲೆಯಷ್ಟೇ ಮುಖ್ಯ, ಮಾರುವ ದಿನ ಎಷ್ಟು ಸಿಗುತ್ತದೆ ಎಂಬುದು.

ಮೊದಲು ಮಾರಾಟದ ಲೆಕ್ಕ ನೋಡೋಣ. ಉದ್ಯಮ ಸಂಘಟನೆ ಮೊಬಿಲಿಟಿ ಸ್ವೀಡನ್ ಪ್ರತಿ ತಿಂಗಳೂ ಹೊಸ ನೋಂದಣಿಯ ಅಂಕಿ ಕೊಡುತ್ತದೆ. 2021ರಲ್ಲಿ ಇಲ್ಲಿ ನೋಂದಣಿಯಾದ ಸುಮಾರು 3 ಲಕ್ಷ ಹೊಸ ಕಾರುಗಳಲ್ಲಿ ಶೇ. 26ರಷ್ಟು ಪ್ಲಗ್-ಇನ್ ಹೈಬ್ರಿಡ್‌ಗಳು, ಅಂದರೆ ನಾಲ್ಕಕ್ಕೆ ಒಂದು. ಪೂರ್ಣ ವಿದ್ಯುತ್ ಕಾರು ಆಗ ಇನ್ನೂ ಶೇ. 19. ಮರು ವರ್ಷ ಅದು ಶೇ. 33ಕ್ಕೆ ಹಾರಿ ಹೈಬ್ರಿಡನ್ನು ಹಿಂದಿಕ್ಕಿತು. ಹೈಬ್ರಿಡ್ ಮಾತ್ರ ಬೀಳಲಿಲ್ಲ: 2023ರಲ್ಲಿ ಶೇ. 21, 2024ರಲ್ಲಿ ಶೇ. 23. ಡೀಸೆಲ್ಲಿನ ಕಥೆ ಬೇರೆ. 2012ರ ಸುಮಾರಿಗೆ ಈ ದೇಶದಲ್ಲಿ ಹೊಸ ಕಾರುಗಳ ಮೂರರಲ್ಲಿ ಎರಡು ಪಾಲು ಡೀಸೆಲ್ಲಾಗಿದ್ದವು. ಇವತ್ತು ಹತ್ತಕ್ಕೆ ಒಂದೂ ಇಲ್ಲ. 2024ರ ಮಾರ್ಚ್ ಕೊನೆಯಲ್ಲಿ ವೋಲ್ವೋ ತನ್ನ ಕಟ್ಟಕಡೆಯ ಡೀಸೆಲ್ ಕಾರನ್ನು, ಒಂದು ಎಕ್ಸ್‌ಸಿ90, ಗೋಥೆನ್‌ಬರ್ಗ್ ಪಕ್ಕದ ಟೋರ್ಸ್‌ಲಾಂಡಾ ಕಾರ್ಖಾನೆಯಿಂದ ಹೊರತಂದಿತು. ಅದು ಗ್ರಾಹಕನ ಮನೆಗೆ ಹೋಗಲಿಲ್ಲ, ಮ್ಯೂಸಿಯಂಗೆ ಹೋಯಿತು.

ಹಾಗಾಗಿ ಹೈಬ್ರಿಡ್ ಡೀಸೆಲ್ಲಿಗಿಂತ ಚೆನ್ನಾಗಿ ಮಾರಾಟವಾಗುತ್ತದೆಯೇ ಅಂದರೆ, ಹೌದು, ಬಹಳ ಚೆನ್ನಾಗಿ. ಅದರಲ್ಲೂ ದುಬಾರಿ ವರ್ಗದಲ್ಲಿ. ಎಕ್ಸ್‌ಸಿ60, ವಿ60, ಬಿಎಂಡಬ್ಲ್ಯೂ 330ಇ, ಮರ್ಸಿಡಿಸ್ ಜಿಎಲ್‌ಸಿ ತರಹದ ಕಾರುಗಳೇ ಈ ಪಾಲನ್ನು ಎಳೆಯುತ್ತಿರುವುದು. ಬೇರೆ ಕಡೆ ಇವು ಶ್ರೀಮಂತರ ಕಾರು. ಇಲ್ಲಿ ವೋಲ್ವೋ ಅಂದರೆ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ. ಆ ಗೊಂದಲ ನಮಗೆಲ್ಲ ಮೊದಲ ವರ್ಷ ಇರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಈ ಎಲ್ಲ ಅಂಕಿಗಳೂ ಹೊಸ ಕಾರಿನವು. ಸ್ವೀಡನ್ನಿನಲ್ಲಿ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೋಂದಣಿಯಾಗುವುದು ವ್ಯಕ್ತಿಗಳ ಹೆಸರಿಗಲ್ಲ, ಕಂಪನಿಗಳ ಹೆಸರಿಗೆ. ನಿಮ್ಮ ಸಹೋದ್ಯೋಗಿ "ತಗೊಂಡ" ಕಾರು ಹೆಚ್ಚಿನ ಸಲ ಅವರದ್ದಲ್ಲ, ಆಫೀಸಿನ ಬೆನಿಫಿಟ್ ಕಾರು. ಅವರು ಕಟ್ಟುವುದು ಕಾರಿನ ಬೆಲೆಯನ್ನಲ್ಲ, ಆ ಸೌಲಭ್ಯದ ಮೇಲಿನ ತೆರಿಗೆ ಮತ್ತು ಸಂಬಳದಲ್ಲಿ ಆಗುವ ಕಡಿತವನ್ನು.

ಆ ತೆರಿಗೆ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮಾರಾಟದ ಗುಟ್ಟು ಇರುವುದು ಇಲ್ಲೇ. 2021ರ ಜುಲೈನಿಂದ ಇರುವ ಸೂತ್ರದಲ್ಲಿ ಕಾರಿನ ಹೊಸ ಬೆಲೆಯ ಶೇ. 13, ಅದರ ಜೊತೆ ಒಂದು ಬಡ್ಡಿ ಭಾಗ, ಒಂದು ಸ್ಥಿರ ಮೊತ್ತ ಮತ್ತು ವಾಹನ ತೆರಿಗೆ, ಇಷ್ಟನ್ನೂ ಕೂಡಿ ನಿಮ್ಮ ಆದಾಯಕ್ಕೆ ಸೇರಿಸುತ್ತಾರೆ. 2022ರ ಜುಲೈನಿಂದ ಈ ಲೆಕ್ಕಕ್ಕೆ ಹಿಡಿಯುವ ಬೆಲೆಯಲ್ಲಿ ವಿದ್ಯುತ್ ಕಾರಿಗೆ 3,50,000 ಕ್ರೋನರ್, ಪ್ಲಗ್-ಇನ್ ಹೈಬ್ರಿಡ್‌ಗೆ 1,40,000 ಕ್ರೋನರ್ ಕಳೆಯುತ್ತಾರೆ. ಹೆಚ್ಚೆಂದರೆ ಬೆಲೆಯ ಅರ್ಧದವರೆಗೆ. ಪೆಟ್ರೋಲ್, ಡೀಸೆಲ್ಲಿಗೆ ಸೊನ್ನೆ. 1,40,000ರ ಶೇ. 13 ಅಂದರೆ 18,200. ಅಷ್ಟು ಆದಾಯ ಕಾಗದದ ಮೇಲೆ ಕಡಿಮೆಯಾಯಿತು. ರಾಜ್ಯ ತೆರಿಗೆಯ ಮಿತಿ ದಾಟಿದವರಿಗೆ ಅದರಲ್ಲಿ ಸುಮಾರು ಅರ್ಧ ಕೈಯಲ್ಲಿ ಉಳಿಯುತ್ತದೆ. ಪ್ಲಗ್-ಇನ್ ಆವೃತ್ತಿಯ ಬೆಲೆಯೇ ಪೆಟ್ರೋಲಿಗಿಂತ ಹೆಚ್ಚಿರುವುದರಿಂದ ಈ ರಿಯಾಯಿತಿಯ ಒಂದು ಪಾಲು ಆ ವ್ಯತ್ಯಾಸ ತುಂಬುವುದಕ್ಕೇ ಹೋಗುತ್ತದೆ ಅನ್ನುವುದೂ ನಿಜ.

ಇದರ ಮೇಲೆ ವಾಹನ ತೆರಿಗೆ. 2018ರ ಜುಲೈ 1ರಂದು ಬಂದ ಬೋನಸ್-ಮಾಲುಸ್ ಪದ್ಧತಿ ಒಂದು ಕೈಯಲ್ಲಿ ಕಡಿಮೆ ಹೊಗೆಯ ಕಾರಿಗೆ ದುಡ್ಡು ಕೊಟ್ಟು, ಇನ್ನೊಂದು ಕೈಯಲ್ಲಿ ಪೆಟ್ರೋಲ್–ಡೀಸೆಲ್ಲಿಗೆ ಮೊದಲ ಮೂರು ವರ್ಷ ಹೆಚ್ಚುವರಿ ತೆರಿಗೆ ಹಾಕಿತು. ಬೋನಸ್ಸನ್ನು ಹೊಸ ಸರ್ಕಾರ 2022ರ ನವೆಂಬರ್ 8ಕ್ಕೆ ಕೈಬಿಟ್ಟಿತು. ಮಾಲುಸ್ ಉಳಿಯಿತು. ಇದೇ ಕಾರಣಕ್ಕೆ ಬೋನಸ್ ಹೋದರೂ ಹೈಬ್ರಿಡ್ ಮಾರಾಟ ಕುಸಿಯಲಿಲ್ಲ ಎಂದು ನನ್ನ ಅಭಿಪ್ರಾಯ. ಕಂಪನಿ ಕಾರಿನ ರಿಯಾಯಿತಿಯೂ ಪೆಟ್ರೋಲಿನ ದಂಡವೂ ಹಾಗೇ ಇದ್ದವಲ್ಲ.

ಒಂದು ಉದಾಹರಣೆ. 2022ರ ಜೂನ್ ನಂತರದ ದರದಲ್ಲಿ ಕಿಲೋಮೀಟರಿಗೆ 190 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುವ ದೊಡ್ಡ ಪೆಟ್ರೋಲ್ ಎಸ್‌ಯುವಿ ತೆಗೆದುಕೊಳ್ಳಿ. ಮೂಲ ತೆರಿಗೆ 360. 75ರಿಂದ 125 ಗ್ರಾಂವರೆಗೆ ಗ್ರಾಂಗೆ 107ರಂತೆ 5,350. ಅದರ ಮೇಲಿನ 65 ಗ್ರಾಂಗೆ 132ರಂತೆ 8,580. ಒಟ್ಟು ವರ್ಷಕ್ಕೆ 14,290 ಕ್ರೋನರ್. 75 ಗ್ರಾಂ ಒಳಗಿನ ಪ್ಲಗ್-ಇನ್ ಹೈಬ್ರಿಡ್‌ಗೆ? ಬರೀ 360. ಮೂರು ವರ್ಷದಲ್ಲಿ ವ್ಯತ್ಯಾಸ 41,790 ಕ್ರೋನರ್.

ಈಗ ನಾಲ್ಕನೇ ವರ್ಷಕ್ಕೆ ಬನ್ನಿ. ಮಾಲುಸ್ ಮುಗಿಯಿತು. ಅದೇ ಪೆಟ್ರೋಲ್ ಕಾರಿಗೆ 111 ಗ್ರಾಂ ಮೇಲಿನ 79 ಗ್ರಾಂಗೆ ತಲಾ 22 ಕ್ರೋನರ್, ಮೂಲ 360 ಸೇರಿ 2,098. ಹೈಬ್ರಿಡ್ಡಿಗೆ ಆಗಲೂ 360. ವರ್ಷಕ್ಕೆ 14 ಸಾವಿರ ಇದ್ದ ಅಂತರ ಒಂದು ಬೆಳಗ್ಗೆ ಎದ್ದಾಗ 1,738ಕ್ಕೆ ಇಳಿದಿರುತ್ತದೆ. ಡೀಸೆಲ್ ಆದರೆ ಇಂಧನದ ಹೆಚ್ಚುವರಿ ತೆರಿಗೆ ಕಾರು ಇರುವಷ್ಟು ಕಾಲ ಹಿಂಬಾಲಿಸುತ್ತದೆ; 190 ಗ್ರಾಂನದ್ದಕ್ಕೆ ನಾಲ್ಕನೇ ವರ್ಷದಲ್ಲೂ ಹತ್ತಿರ ಹತ್ತಿರ 5,000 ಕ್ರೋನರ್.

ಈ ಮೂರು ವರ್ಷ ಅನ್ನುವುದು ಎಲ್ಲಿ ಬಂದು ಬೀಳುತ್ತದೆ ಗಮನಿಸಿ. ಕಂಪನಿ ಲೀಸ್, ಪ್ರೈವೇಟ್ ಲೀಸ್, ಎರಡರ ಸಾಮಾನ್ಯ ಅವಧಿಯೂ 36 ತಿಂಗಳು. ಅಂದರೆ ತೆರಿಗೆಯ ಲಾಭ ಪೂರ್ತಿ ಮೊದಲ ಬಳಕೆದಾರನಿಗೆ. ಲಾಭ ಮುಗಿದ ದಿನವೇ ಆ ಕಾರುಗಳೆಲ್ಲ ಒಟ್ಟಾಗಿ ಬ್ಲಾಕೆಟ್ ತಾಣದಲ್ಲಿ ಮಾರಾಟಕ್ಕೆ ಬಂದು ಕೂರುತ್ತವೆ. ಅಲ್ಲಿ ಕೊಳ್ಳುವವರು ನಾವು ನೀವು, ನಮ್ಮ ಸ್ವಂತ ದುಡ್ಡಿನಲ್ಲಿ. ಪೂರೈಕೆ ಜಾಸ್ತಿ, ಕೊಳ್ಳಲು ಇದ್ದ ಮುಖ್ಯ ಕಾರಣ ಮಾಯ.

ಇದು ಈ ದೇಶಕ್ಕೆ ಹೊಸದೂ ಅಲ್ಲ. ಇಥೆನಾಲ್ ಕಾರುಗಳ ಕಥೆ ಕೇಳಿದ್ದೀರಾ? 2006ರ ಏಪ್ರಿಲ್‌ನಿಂದ ದೊಡ್ಡ ಪೆಟ್ರೋಲ್ ಬಂಕ್‌ಗಳು ನವೀಕರಿಸಬಹುದಾದ ಇಂಧನವನ್ನೂ ಇಡಲೇಬೇಕೆಂಬ ಕಾನೂನು ಬಂತು. ಬಹುತೇಕರು ಅಗ್ಗದ ದಾರಿ ಹಿಡಿದು ಇ85 ಪಂಪ್ ಹಾಕಿದರು. 2007ರ ಏಪ್ರಿಲ್‌ನಿಂದ 'ಪರಿಸರ ಕಾರು' ಕೊಂಡ ಖಾಸಗಿಯವರಿಗೆ 10,000 ಕ್ರೋನರ್ ಬಹುಮಾನ. ಸ್ಟಾಕ್‌ಹೋಮಿನ ದಟ್ಟಣೆ ತೆರಿಗೆಯಿಂದಲೂ ವಿನಾಯಿತಿ. ಸಾಬ್ ಬಯೋಪವರ್, ವೋಲ್ವೋ ಫ್ಲೆಕ್ಸಿಫ್ಯೂಯೆಲ್ ಬಿಸಿ ಬಿಸಿ ದೋಸೆಯಂತೆ ಖರ್ಚಾದವು. 2008ರಲ್ಲಿ ಹೊಸ ಕಾರುಗಳ ಐದರಲ್ಲಿ ಒಂದು ಇಥೆನಾಲಿನದ್ದು. ಆಮೇಲೆ ಕಚ್ಚಾ ತೈಲ ಅಗ್ಗವಾಯಿತು. ಲೀಟರಿಗೆ ಕಡಿಮೆ ದೂರ ಓಡುವ ಇ85 ಲಾಭದ್ದಾಗಿ ಉಳಿಯಲಿಲ್ಲ. 2009ರ ನಡುವೆ ಬಹುಮಾನವೂ ನಿಂತಿತು. ಕೆಲವೇ ವರ್ಷಗಳಲ್ಲಿ ಹೊಸ ಇಥೆನಾಲ್ ಕಾರು ಕೊಳ್ಳುವವರೇ ಇಲ್ಲವಾದರು. ಕಾರು ಕೆಟ್ಟದ್ದಾಗಿರಲಿಲ್ಲ, ಅದನ್ನು ಎತ್ತಿ ಹಿಡಿದಿದ್ದ ನಿಯಮ ಜಾಗ ಬದಲಾಯಿಸಿತ್ತು.

ಹೈಬ್ರಿಡ್ಡಿಗೆ ಅಷ್ಟು ಕೆಟ್ಟ ಗತಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ತನ್ನದೇ ಆದ ಉಪಯೋಗ ಇದೆ, ಚಾರ್ಜ್ ಮಾಡುವವರಿಗೆ. ವರ್ಷಕ್ಕೆ 1,200 ಮಿಲ್, ಅಂದರೆ 12,000 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳಿ. ಮಿಲ್‌ಗೆ 0.85 ಲೀಟರ್ ಕುಡಿಯುವ ಪೆಟ್ರೋಲ್ ಕಾರಿಗೆ 1,020 ಲೀಟರ್; ಲೀಟರಿಗೆ 16 ಕ್ರೋನರ್ ಹಿಡಿದರೆ 16,320. ಹೈಬ್ರಿಡ್ಡನ್ನು ಮನೆಯಲ್ಲಿ ದಿನಾ ಚಾರ್ಜ್ ಮಾಡಿ ಮೂರರಲ್ಲಿ ಎರಡು ಪಾಲು ವಿದ್ಯುತ್ತಿನಲ್ಲೇ ಓಡಿಸಿದರೆ, 340 ಲೀಟರ್ ಪೆಟ್ರೋಲಿಗೆ 5,440. ಉಳಿದ 800 ಮಿಲ್‌ಗೆ ಮಿಲ್‌ಗೆ 2.2 ಯೂನಿಟ್, ಯೂನಿಟ್ಟಿಗೆ ಒಂದೂವರೆ ಕ್ರೋನರ್ ಅಂತ 2,640. ಒಟ್ಟು 8,080. ವರ್ಷಕ್ಕೆ ಎಂಟು ಸಾವಿರ ಚಿಲ್ಲರೆ ಉಳಿತಾಯ. ಹಳೆಯ ಹೈಬ್ರಿಡ್ಡಿಗೆ ಅದೇ ವಯಸ್ಸಿನ ಪೆಟ್ರೋಲಿಗಿಂತ ಎಷ್ಟು ಹೆಚ್ಚು ಕೊಡಬಹುದು ಎಂಬುದಕ್ಕೆ ಇದೇ ಅಳತೆ: ಇನ್ನು ನಾಲ್ಕು ವರ್ಷ ಇಟ್ಟುಕೊಳ್ಳುವವರಿಗೆ ಮೂವತ್ತು ಸಾವಿರ ಚಿಲ್ಲರೆ, ಅದಕ್ಕಿಂತ ಮೇಲೆ ಬೇಡ.

ಚಾರ್ಜ್ ಮಾಡದಿದ್ದರೆ? ಆಗ ನೀವು ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಕಾರಿನ ಮಾಲೀಕರು, ಅಷ್ಟೇ. ಇದು ಅಪರೂಪದ ಸಂಗತಿ ಅಲ್ಲ. 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಮೀಟರುಗಳ ಮಾಹಿತಿಯನ್ನು ಒಟ್ಟುಮಾಡಿ ಯುರೋಪಿಯನ್ ಕಮಿಷನ್ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು: ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಬಿಡುವ ಹೊಗೆ ಪ್ರಯೋಗಾಲಯದ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಈ ವ್ಯತ್ಯಾಸ ಶೇ. 20ರ ಆಸುಪಾಸು. ಕಂಪನಿಯೇ ಪೆಟ್ರೋಲ್ ಕಾರ್ಡ್ ಕೊಟ್ಟಿದ್ದರೆ, ಮಳೆಯಲ್ಲಿ ಕೇಬಲ್ ಸಿಕ್ಕಿಸಲು ಯಾರು ಇಳಿಯುತ್ತಾರೆ ಹೇಳಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೂ ಎಚ್ಚರ. ನಿಮ್ಮ ಪಾರ್ಕಿಂಗಿನ ಕಂಬದಲ್ಲಿರುವ ಪ್ಲಗ್ ಬಹಳ ಕಡೆ ಚಳಿಗಾಲದಲ್ಲಿ ಇಂಜಿನ್ ಬಿಸಿ ಮಾಡಲು ಇಟ್ಟದ್ದು, ಟೈಮರ್ ಹಾಕಿದ್ದು. ಅದರಲ್ಲಿ ಕಾರು ಚಾರ್ಜ್ ಮಾಡಲು ಸೊಸೈಟಿ ಒಪ್ಪುತ್ತದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಉತ್ತರದಲ್ಲಿರುವವರಿಗೆ ಮೈನಸ್ 15ರಲ್ಲಿ ಬ್ಯಾಟರಿಯ ದೂರ ಎಷ್ಟಕ್ಕೆ ಇಳಿಯುತ್ತದೆ ಎಂದು ನಾನು ಹೇಳಬೇಕಿಲ್ಲ.

ಊರಿನ ಹೋಲಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ ಹೈಕ್ರಾಸ್ 2022ರ ನವೆಂಬರ್‌ನಲ್ಲಿ ಬಂತು. ಭಾರತದಲ್ಲಿ ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇ. 5, ಈ ಗಾತ್ರದ ಹೈಬ್ರಿಡ್ಡಿಗೆ ಸೆಸ್ ಸೇರಿ ಶೇ. 43 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 40. ಆದರೂ ಜನ ಕೊಂಡರು, ಕಾಯ್ದು ಕೊಂಡರು. ಪ್ಲಗ್ ಹುಡುಕುವ ಗೋಜಿಲ್ಲ, ಮೈಲೇಜ್ ಎರಡನೆಯ ಮಾಲೀಕನಿಗೂ ಸಿಗುತ್ತದೆ. ಆ ಬೇಡಿಕೆ ಕಾರಿನದ್ದು. ಇಲ್ಲಿನ ಬೇಡಿಕೆಯಲ್ಲಿ ದೊಡ್ಡ ಪಾಲು ತೆರಿಗೆಯದ್ದು.

ಇನ್ನು "ಹೈಬ್ರಿಡ್ ಇಷ್ಟು ಹೋಗ್ತಿದೆ, ವೋಲ್ವೋ ಷೇರು ತಗೋಬಹುದಾ" ಎನ್ನುವವರಿಗೆ ಒಂದು ಮಾತು. ವೋಲ್ವೋ ಕಾರ್ಸ್ 2021ರ ಅಕ್ಟೋಬರ್ 29ರಂದು 53 ಕ್ರೋನರ್‌ಗೆ ಷೇರುಪೇಟೆಗೆ ಬಂತು. 2024ರಲ್ಲಿ 7,63,389 ಕಾರು ಮಾರಿ ತನ್ನದೇ ದಾಖಲೆ ಮುರಿಯಿತು. ಅದರಲ್ಲಿ ಸುಮಾರು ಶೇ. 23 ಪ್ಲಗ್-ಇನ್ ಹೈಬ್ರಿಡ್. ಅದೇ ವರ್ಷ ಸೆಪ್ಟೆಂಬರಿನಲ್ಲಿ "2030ಕ್ಕೆ ಪೂರ್ಣ ವಿದ್ಯುತ್" ಎಂಬ ಗುರಿ ಸಡಿಲಿಸಿ ಹೈಬ್ರಿಡ್ಡಿಗೆ ಮತ್ತೆ ಜಾಗ ಕೊಟ್ಟಿತು. 2025ರ ಬೇಸಿಗೆಯಲ್ಲಿ ಷೇರು 53ರ ಅರ್ಧಕ್ಕಿಂತ ಕೆಳಗಿತ್ತು. ಎಷ್ಟು ಕಾರು ಮಾರಾಟವಾಯಿತು ಎಂಬುದು ಒಂದು ಪ್ರಶ್ನೆ, ಒಂದೊಂದರಲ್ಲಿ ಎಷ್ಟು ಉಳಿಯಿತು ಎಂಬುದು ಇನ್ನೊಂದು.

ಕೊಳ್ಳಲು ಹೊರಟವರಿಗೆ ನಾನು ಹೇಳುವ ಕ್ರಮ ಇದು. ಕಾರಿನ ನಂಬರ್ ಹಾಕಿ ಟ್ರಾನ್ಸ್‌ಪೋರ್ಟ್‌ಸ್ಟೈರೆಲ್ಸೆನ್ ತಾಣದಲ್ಲಿ ವಾಹನ ತೆರಿಗೆ ಎಷ್ಟು, ಮಾಲುಸ್ ಇನ್ನೂ ಬಾಕಿ ಇದೆಯೇ ನೋಡಿ. ಎರಡೂವರೆ ವರ್ಷದ ಪೆಟ್ರೋಲ್ ಕಾರಾದರೆ ಉಳಿದ ಆರು ತಿಂಗಳ ಮಾಲುಸ್ ಹಿಡಿದು ಚೌಕಾಸಿ ಮಾಡಿ, ಮಾರುವವನಿಗೂ ಗೊತ್ತಿರುತ್ತದೆ. ಹೈಬ್ರಿಡ್ ಆದರೆ ಬ್ಯಾಟರಿ ಗ್ಯಾರಂಟಿ ಓದಿ. ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಕಂಪನಿಯಲ್ಲಿ ಓಡಿದ ಕಾರಿನ ಕಿಲೋಮೀಟರ್ ಬೇಗ ಮುಗಿಯುತ್ತದೆ. ಕೊನೆಯದಾಗಿ, 2021ರಿಂದ ಯುರೋಪಿನ ಹೊಸ ಕಾರುಗಳೆಲ್ಲ ಎಷ್ಟು ಇಂಧನ ಕುಡಿದವು ಎಂಬ ಲೆಕ್ಕ ಒಳಗೇ ಇಟ್ಟುಕೊಳ್ಳುತ್ತವೆ. ಪ್ಲಗ್-ಇನ್ ಆದರೆ ಇಂಜಿನ್ ನಿಂತು ಎಷ್ಟು ದೂರ ಓಡಿದೆ ಎಂಬುದನ್ನೂ. ವರ್ಕ್‌ಶಾಪಿನಲ್ಲಿ ಆ ಅಂಕಿ ಓದಿಸಿ ಕೊಡಿ ಎಂದು ಮಾರುವವರನ್ನು ಕೇಳಿ. ಎಂಬತ್ತು ಸಾವಿರ ಕಿಲೋಮೀಟರಿನಲ್ಲಿ ನಾಲ್ಕೈದು ಸಾವಿರ ಮಾತ್ರ ವಿದ್ಯುತ್ತಿನಲ್ಲಿ ಓಡಿದ್ದರೆ, ಬೆಲೆಯನ್ನು ಪೆಟ್ರೋಲ್ ಕಾರಿನ ಬೆಲೆಯಿಂದ ಶುರು ಮಾಡಿ.