ಮೊದಲು ಕೈ, ಆಮೇಲೆ ಟ್ರಿಮ್

ಜಗತ್ತಿನಲ್ಲಿ ಹಾರಾಟ ಕಲಿಯುವವರಲ್ಲಿ ಬಹಳಷ್ಟು ಜನ ಮೊದಲು ಹತ್ತುವುದು ಸೆಸ್ನಾ 172 ವಿಮಾನವನ್ನು. ನಮ್ಮ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೂ ಅದಿದೆ. 1955ರಲ್ಲಿ ಮೊದಲು ಹಾರಿದ ಈ ನಾಲ್ಕು ಸೀಟಿನ ವಿಮಾನ ಈವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿದೆ. ಕೈಯಲ್ಲಿರುವ ಯೋಕ್‌ಗೂ ರೆಕ್ಕೆ, ಬಾಲಗಳಿಗೂ ನಡುವೆ ಕಂಪ್ಯೂಟರ್ ಇಲ್ಲ. ಇರುವುದು ಉಕ್ಕಿನ ಕೇಬಲ್ಲು ಮತ್ತು ರಾಟೆಗಳು. ಗಾಳಿಯ ಒತ್ತಡ ನೇರವಾಗಿ ಅಂಗೈಗೆ ತಿಳಿಯುವುದರಿಂದ ಕಲಿಕೆಗೆ ಇದು ಹೇಳಿ ಮಾಡಿಸಿದ ವಿಮಾನ. ಪೈಲಟ್ ಆಗಹೊರಟವರು, ಮನೆಯಲ್ಲಿ ಸಿಮ್ಯುಲೇಟರ್ ಹಾರಿಸುವವರು, ಇಬ್ಬರೂ ಇದರಿಂದಲೇ ಶುರುಮಾಡುವುದು ಒಳ್ಳೆಯದು.

ನೆಲದ ಮೇಲೆ ಮಾಡಬೇಕಾದ್ದು

ಮೊದಲ ಕೆಲಸ, ಯೋಕ್‌ಗೆ ಹಾಕಿರುವ ಬೀಗದ ಪಿನ್ ತೆಗೆಯುವುದು. ನಿಂತ ವಿಮಾನದ ರೆಕ್ಕೆ, ಬಾಲಗಳಲ್ಲಿ ಚಲಿಸುವ ಹಲಗೆಗಳು ಗಾಳಿಗೆ ಬಡಿದಾಡದಿರಲೆಂದು ಅದನ್ನು ಹಾಕಿರುತ್ತಾರೆ. ಇದೇನು ದೊಡ್ಡ ವಿಷಯ ಎನ್ನಬೇಡಿ. 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊದಲ್ಲಿ ಬೋಯಿಂಗ್‌ನ ಮಾದರಿ 299 ಬಾಂಬರ್ ಮೇಲೇರಿದ ಕೂಡಲೇ ಬಿದ್ದು ಉರಿದುಹೋಯಿತು. ಬಾಲದ ಬೀಗ ತೆಗೆಯಲು ಮರೆತದ್ದೇ ಕಾರಣ. ಮರೆತವರು ಹೊಸಬರೇನಲ್ಲ, ನುರಿತ ಪರೀಕ್ಷಾ ಪೈಲಟ್‌ಗಳು. ವಿಮಾನಯಾನದಲ್ಲಿ ಚೆಕ್‌ಲಿಸ್ಟ್ ಪದ್ಧತಿ ಬೇರೂರಿದ್ದು ಆ ಅಪಘಾತದ ನಂತರ.

ಬೀಗ ತೆಗೆದ ಮೇಲೆ ಯೋಕ್ ಎಲ್ಲ ದಿಕ್ಕಿಗೂ ಕೊನೆಯವರೆಗೆ ಸಲೀಸಾಗಿ ಚಲಿಸುತ್ತದೆಯೇ ನೋಡಿ. ಚಲಿಸಿದರೆ ಸಾಲದು, ಸರಿಯಾದ ದಿಕ್ಕಿಗೆ ಚಲಿಸಬೇಕು. ರಿಪೇರಿಯ ನಂತರ ಕೇಬಲ್ಲುಗಳನ್ನು ಅದಲುಬದಲು ಜೋಡಿಸಿದ ಪ್ರಸಂಗಗಳೂ ಉಂಟು. ಎರಡೂ ಹೆಬ್ಬೆರಳು ಮೇಲೆ ಮಾಡಿ ಯೋಕ್ ಹಿಡಿದು ಎಡಕ್ಕೆ ತಿರುಗಿಸಿ. ಹೆಬ್ಬೆರಳುಗಳು ಯಾವ ರೆಕ್ಕೆಯತ್ತ ವಾಲಿದವೋ ಆ ರೆಕ್ಕೆಯ ಹಲಗೆ, ಅಂದರೆ ಏಲರಾನ್, ಮೇಲೆದ್ದಿರಬೇಕು, ಇನ್ನೊಂದರದು ಇಳಿದಿರಬೇಕು. ಯೋಕ್ ಎಳೆದಾಗ ಬಾಲದ ಅಡ್ಡ ಹಲಗೆ, ಅಂದರೆ ಎಲಿವೇಟರ್, ಮೇಲೇಳಬೇಕು.

ಕೊನೆಗೆ, ಪ್ಯಾನೆಲ್‌ನ ಕೆಳಗೆ ಎರಡು ಸೀಟುಗಳ ನಡುವೆ ಇರುವ ಟ್ರಿಮ್ ಚಕ್ರವನ್ನು ಟೇಕ್‌ಆಫ್ ಗುರುತಿಗೆ ತನ್ನಿ. ಹಿಂದಿನವರು ಇಳಿಯುವಾಗ ಅದನ್ನು ಎಲ್ಲಿಗೋ ತಿರುಗಿಸಿ ಬಿಟ್ಟಿರುತ್ತಾರೆ.

ಮೂರು ಹಲಗೆ, ಮೂರು ಚಲನೆ

ಎಲಿವೇಟರ್ ಮೂತಿಯನ್ನು ಏರಿಸುತ್ತದೆ, ಇಳಿಸುತ್ತದೆ. ಯೋಕ್ ಎಳೆದರೆ ಹಲಗೆ ಮೇಲೇಳುತ್ತದೆ, ಗಾಳಿ ಬಾಲವನ್ನು ಕೆಳಗೊತ್ತುತ್ತದೆ, ಮೂತಿ ಏಳುತ್ತದೆ. ಏಲರಾನ್‌ಗಳು ವಿಮಾನವನ್ನು ಪಕ್ಕಕ್ಕೆ ವಾಲಿಸುತ್ತವೆ. ಕಾಲಿನ ಪೆಡಲ್‌ಗೆ ಸೇರಿದ ರಡ್ಡರ್ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ.

ದೋಣಿಯ ಚುಕ್ಕಾಣಿಯ ಹಾಗೆ ರಡ್ಡರೇ ವಿಮಾನವನ್ನು ತಿರುಗಿಸುತ್ತದೆ ಎಂದು ಹಲವರ ನಂಬಿಕೆ. ಹಾಗಲ್ಲ. ವಿಮಾನ ವಾಲಿದಾಗ ರೆಕ್ಕೆ ಎತ್ತುವ ಬಲವೂ ಪಕ್ಕಕ್ಕೆ ವಾಲುತ್ತದೆ. ತಿರುವಿಗೆ ಎಳೆದೊಯ್ಯುವುದು ಆ ಬಲವೇ. ಹಾಗಾದರೆ ರಡ್ಡರ್ ಯಾಕೆ? ಎಡಕ್ಕೆ ವಾಲಿಸಿದಾಗ ಬಲರೆಕ್ಕೆಯ ಏಲರಾನ್ ಇಳಿದು ಆ ರೆಕ್ಕೆಗೆ ಹೆಚ್ಚು ಎತ್ತುಬಲ ಕೊಡುತ್ತದೆ, ಜತೆಗೆ ಗಾಳಿಯ ತಡೆಯನ್ನೂ ಹೆಚ್ಚಿಸುತ್ತದೆ. ಹೀಗಾಗಿ ತಿರುವು ಎಡಕ್ಕೆ, ಮೂತಿ ಮಾತ್ರ ಬಲಕ್ಕೆ ಜಗ್ಗುತ್ತದೆ. ಅದನ್ನು ಸರಿಮಾಡಲು ಎಡ ಪೆಡಲ್ ಹದವಾಗಿ ಒತ್ತಬೇಕು. ಪ್ಯಾನೆಲ್‌ನಲ್ಲಿ ಬಾಗಿದ ಗಾಜಿನ ನಳಿಗೆಯೊಳಗೊಂದು ಗುಂಡಿದೆ. ಅದು ಯಾವ ಕಡೆ ಸರಿದಿದೆಯೋ ಆ ಕಡೆಯ ಪೆಡಲ್ ಒತ್ತಿ, ನಡುವಿಗೆ ಬರುತ್ತದೆ. ಪೂರ್ಣ ಶಕ್ತಿಯಲ್ಲಿ ಮೇಲೇರುವಾಗ ಮೂತಿ ಎಡಕ್ಕೆ ಎಳೆಯುವುದರಿಂದ ಬಲಗಾಲಿಗೆ ಸದಾ ಕೆಲಸವಿರುತ್ತದೆ.

ಟ್ರಿಮ್ ಮಾಡುವುದೇನು?

ಎಲಿವೇಟರ್‌ನ ಬಲಭಾಗದ ಹಿಂಬದಿ ಅಂಚಿನಲ್ಲಿ ಒಂದು ಪುಟ್ಟ ಹಲಗೆ ಇದೆ. ಅದೇ ಟ್ರಿಮ್ ಟ್ಯಾಬ್. ಚಕ್ರವನ್ನು ಹಿಂದಕ್ಕೆ ಉರುಳಿಸಿದರೆ ಟ್ಯಾಬ್ ಕೆಳಗೆ ಬಾಗುತ್ತದೆ. ಅದಕ್ಕೆ ಬಡಿದ ಗಾಳಿ ಎಲಿವೇಟರನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಮೂತಿ ಏಳುತ್ತದೆ. ಮುಂದಕ್ಕೆ ಉರುಳಿಸಿದರೆ ಇದರ ತಿರುಗುಮುರುಗು. ಕೈ ಹಿಡಿದಿಟ್ಟುಕೊಳ್ಳಬೇಕಾದ ಭಾರವನ್ನು ಗಾಳಿಗೆ ಒಪ್ಪಿಸುವುದು, ಟ್ರಿಮ್‌ನ ಕೆಲಸ ಇಷ್ಟೇ. ಹೊಸಬರು ಎಡವುವುದೂ ಇಲ್ಲೇ. ಯೋಕ್ ಬಿಟ್ಟು ಚಕ್ರದಿಂದಲೇ ಮೂತಿ ಏರಿಸಿ ಇಳಿಸಿ ಮಾಡುತ್ತಾರೆ. ವಿಮಾನ ತೊಟ್ಟಿಲಾಡತೊಡಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಮೇಲೇರಬೇಕೆಂದುಕೊಳ್ಳಿ. ಮೊದಲು ಥ್ರಾಟಲ್ ತಳ್ಳಿ ಶಕ್ತಿ ಹೆಚ್ಚಿಸಿ. ಯೋಕ್‌ನಿಂದ ಮೂತಿಯನ್ನು ದಿಗಂತಕ್ಕಿಂತ ಬೇಕಾದಷ್ಟು ಮೇಲೆ ತಂದು ಅಲ್ಲೇ ಹಿಡಿಯಿರಿ. ವೇಗ ಸುಮಾರು 74 ನಾಟ್‌ಗೆ, ಅಂದರೆ ಗಂಟೆಗೆ 137 ಕಿಲೋಮೀಟರ್‌ಗೆ ಬಂದು ನಿಲ್ಲುವವರೆಗೆ ಕಾಯಿರಿ. ಈ ಕಾಯುವಿಕೆಯನ್ನೇ ಎಲ್ಲರೂ ಹಾರಿಸಿಬಿಡುವುದು. ವೇಗ ನಿಂತ ಮೇಲೆ, ಕೈಯ ಮೇಲಿನ ಒತ್ತಡ ಕರಗುವ ತನಕ ಚಕ್ರ ತಿರುಗಿಸಿ. ಹಿಡಿತ ಸಡಿಲಿಸಿ ನೋಡಿ. ಮೂತಿ ಕದಲದಿದ್ದರೆ ಟ್ರಿಮ್ ಸರಿಯಾಗಿದೆ.

ಏರಿದ್ದು ಸಾಕೆಂದು ಸಮತಟ್ಟಾಗುವಾಗ ಕ್ರಮ ಸ್ವಲ್ಪ ಬದಲಾಗುತ್ತದೆ: ಮೊದಲು ಮೂತಿ, ಆಮೇಲೆ ಶಕ್ತಿ, ಕೊನೆಗೆ ಟ್ರಿಮ್. ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ ಗುರಿಗೆ 50 ಅಡಿ ಇರುವಾಗಲೇ ಮೂತಿ ತಗ್ಗಿಸಲು ಶುರುಮಾಡಿ. ವೇಗ ಏರಿದ ನಂತರವೇ ಶಕ್ತಿ ಇಳಿಸಿ. ಇಳಿಯುವಾಗ ಮತ್ತೆ ಶಕ್ತಿ, ಮೂತಿ, ಟ್ರಿಮ್. ನಿಧಾನವಾಗಿ ಇಳಿಯಲೆಂದು ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹಲಗೆಗಳನ್ನು ಕೆಳಗೆ ಬಿಟ್ಟಾಗಲೂ ಒತ್ತಡ ಬದಲಾಗುವುದರಿಂದ ಮತ್ತೊಮ್ಮೆ ಟ್ರಿಮ್ ಬೇಕು.

ಸಿಮ್ಯುಲೇಟರ್‌ನವರಿಗೆ ಒಂದು ಮಾತು. ಮನೆಯ ಜಾಯ್‌ಸ್ಟಿಕ್ ಸ್ಪ್ರಿಂಗ್ ಬಲದಿಂದ ನಡುವಿಗೆ ಮರಳುತ್ತದೆ, ಗಾಳಿಯ ಒತ್ತಡ ಕೈಗೆ ತಿಳಿಯುವುದಿಲ್ಲ. ಚಕ್ರ ತಿರುಗಿಸುತ್ತಾ ಜಾಯ್‌ಸ್ಟಿಕ್ಕನ್ನು ನಿಧಾನವಾಗಿ ನಡುವಿಗೆ ಬಿಡುತ್ತಾ ಬನ್ನಿ, ಕಣ್ಣು ದಿಗಂತದ ಮೇಲಿರಲಿ.

ದೊಡ್ಡ ವಿಮಾನಗಳಲ್ಲಿ

ಬೋಯಿಂಗ್ 737ರಲ್ಲಿ ಪುಟ್ಟ ಟ್ಯಾಬ್‌ಗೆ ಬದಲು ಬಾಲದ ಇಡೀ ಅಡ್ಡರೆಕ್ಕೆಯೇ ಟ್ರಿಮ್‌ಗಾಗಿ ವಾಲುತ್ತದೆ. ಅದರ ಬಲದ ಮುಂದೆ ಎಲಿವೇಟರ್ ಸೋಲಬಹುದು. 737 ಮ್ಯಾಕ್ಸ್ ವಿಮಾನಗಳಲ್ಲಿ ಆದದ್ದು ಇದೇ. ಎದುರು ಬರುವ ಗಾಳಿಗೆ ಹೋಲಿಸಿದರೆ ಮೂತಿ ಎಷ್ಟು ಎದ್ದಿದೆ ಎಂದು ಅಳೆಯುವ ಒಂದೇ ಸೆನ್ಸರ್‌ನ ತಪ್ಪು ಲೆಕ್ಕ ನಂಬಿ ಎಂಕ್ಯಾಸ್ ಎಂಬ ತಂತ್ರಾಂಶ ಮತ್ತೆ ಮತ್ತೆ ಮೂತಿ ಕೆಳಗೆ ಟ್ರಿಮ್ ಮಾಡಿತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ವಿಮಾನ ಬಿದ್ದು, ಒಟ್ಟು 346 ಜನ ಸತ್ತರು. ಏರ್‌ಬಸ್ ಎ320ರಲ್ಲಿ ಸಾಮಾನ್ಯ ಹಾರಾಟದ ವೇಳೆ ಕಂಪ್ಯೂಟರೇ ಟ್ರಿಮ್ ನೋಡಿಕೊಳ್ಳುತ್ತದೆ.

ಸೆಸ್ನಾದಲ್ಲೂ ಒಂದು ಅಪಾಯವಿದೆ. ಪೂರ್ತಿ ಫ್ಲ್ಯಾಪ್ ಬಿಟ್ಟು, ನಿಧಾನ ವೇಗಕ್ಕಾಗಿ ಮೂತಿ ಮೇಲೆ ಟ್ರಿಮ್ ಮಾಡಿ ಇಳಿಯುತ್ತಿದ್ದೀರಿ. ರನ್‌ವೇಗೆ ಏನೋ ಅಡ್ಡ ಬಂತು, ಮತ್ತೆ ಮೇಲೇರಬೇಕು. ಪೂರ್ಣ ಶಕ್ತಿ ಕೊಟ್ಟ ತಕ್ಷಣ ಮೂತಿ ಭರ್ರನೆ ಎದ್ದು, ವೇಗ ಕುಸಿದು, ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ಹಂತಕ್ಕೆ ಹೋಗುತ್ತದೆ. ಆಗ ಚಕ್ರ ಹುಡುಕುತ್ತಾ ಕೂರಬೇಡಿ. ಯೋಕನ್ನು ಬಲವಾಗಿ ಮುಂದೆ ಒತ್ತಿ ಮೂತಿ ಹಿಡಿಯಿರಿ, ಆಮೇಲೆ ಟ್ರಿಮ್ ಮಾಡಿ, ಫ್ಲ್ಯಾಪನ್ನು ಹಂತಹಂತವಾಗಿ ಎತ್ತಿ. ಆ ಒತ್ತಡ ಎಷ್ಟಿರುತ್ತದೆಂದು ಓದಿ ತಿಳಿಯುವಂತಿಲ್ಲ. ಒಬ್ಬರೇ ಹಾರಲು ಅನುಮತಿ ಸಿಗುವ ಮುನ್ನ, ಸಾಕಷ್ಟು ಎತ್ತರದಲ್ಲಿ ಇದನ್ನೊಮ್ಮೆ ಮಾಡಿ ತೋರಿಸುವಂತೆ ನಿಮ್ಮ ತರಬೇತುದಾರರನ್ನು ಕೇಳಿಕೊಳ್ಳಿ.