ಹಳೆಯ ದ್ರಾಕ್ಷಾರಸವನ್ನು ಸವಿಯುವುದು ಹೇಗೆ?



ಆಗಮನಕಾಲ ಬಂತೆಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಅನೇಕ ಕ್ರೈಸ್ತ ಮನೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: "ಈ ಸಲ ಯಾವ ವರ್ಷದ ಬಾಟಲಿ ತೆಗೆಯೋಣ?" ಕೋರಮಂಡಲ್, ಚಾಂಪಿಯನ್ ರೀಫ್, ಊರಿಗಾಂ, ಅತ್ತ ಬಂಗಾರಪೇಟೆಯ ರೈಲ್ವೆ ಕುಟುಂಬಗಳು, ಎಲ್ಲ ಕಡೆಯೂ ಈ ವಾಡಿಕೆ ಇದೆ. ಆಂಗ್ಲೋ ಇಂಡಿಯನ್ ಮನೆಗಳ ಹಬ್ಬದಡುಗೆಯಲ್ಲಿ ಕೇಕಿನ ಜೊತೆಗೆ ಇದ್ದ ಮನೆವೈನು ಗಣಿ ಕಾರ್ಮಿಕರ ಲೈನು ಮನೆಗಳಿಗೂ ಹಬ್ಬಿತು.

ಪಾಶ್ಚಾತ್ಯ ದೇಶಗಳಲ್ಲಿ ದ್ರಾಕ್ಷಾರಸವನ್ನು ತಂಪಾದ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟು ಹದಗೊಳಿಸುತ್ತಾರೆ. ನಮ್ಮ ಲೈನು ಮನೆಗಳಿಗೆ ನೆಲಮಾಳಿಗೆ ಎಲ್ಲಿಂದ ಬರಬೇಕು? ನಮ್ಮ ಕಾಲಡಿಯಲ್ಲಿ ಇದ್ದದ್ದು ಗಣಿ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಬಂಡೆ ತಂಪಲ್ಲ, ಅದರ ತಾಪ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಆದ್ದರಿಂದ ಮಂಚದ ಕೆಳಗಿನ ಕತ್ತಲೆ, ಬೀರುವಿನ ಕೆಳ ಅಂಕಣ, ಒದ್ದೆ ಗೋಣಿಚೀಲ ಸುತ್ತಿದ ಜಾಡಿ, ಇವೇ ನಮ್ಮ ನೆಲಮಾಳಿಗೆ. ಬಡವರ ಮನೆಯಲ್ಲೂ ಮುಂದಿನ ವರ್ಷಕ್ಕೆಂದು ಒಂದು ಬಾಟಲಿ ಎತ್ತಿಡುತ್ತಾರೆ. ಅದನ್ನು ತೆರೆದು ರುಚಿ ನೋಡುವುದರಲ್ಲಿ ನಮ್ಮ ವಿಶ್ವಾಸ ಜೀವನಕ್ಕೆ ಒಂದು ಪಾಠವಿದೆ. ಅದನ್ನು ಈ ವಾರ ಅಧ್ಯಯನ ಮಾಡೋಣ.

1. ಜಾಡಿಯೊಳಗೆ ನಡೆಯುವುದೇನು?

ನಮ್ಮ ಕಡೆ ಹೆಚ್ಚಾಗಿ ಬಳಸುವುದು 'ಬೆಂಗಳೂರು ನೀಲಿ' ದ್ರಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ ಈ ಹಣ್ಣಿಗೆ ದಪ್ಪ ಸಿಪ್ಪೆ, ತನ್ನದೇ ಘಮ. ಹಣ್ಣನ್ನು ತೊಳೆದು, ನೀರು ಆರಿಸಿ, ಹಿಸುಕಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಚಕ್ಕೆ ಲವಂಗ ಸೇರಿಸಿ ಪಿಂಗಾಣಿ ಜಾಡಿಗೆ ಹಾಕುತ್ತಾರೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಕೂಡದು; ಹುಳಿ ಲೋಹವನ್ನು ತಿನ್ನುತ್ತದೆ. ದಿನವೂ ಮರದ ಸೌಟಿನಿಂದ ತಿರುವಿ, 21 ದಿನಗಳ ಮೇಲೆ ಸೋಸಿ, ಮತ್ತೆ 21 ದಿನ ಅಲುಗಾಡಿಸದೆ ಬಿಡುವುದು ಅನೇಕ ಮನೆಗಳ ಲೆಕ್ಕ. ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಅನಿಲ ಹೊರಹೋಗುವ ಮುನ್ನವೇ ಬಿಗಿಯಾಗಿ ಬಿರಡೆ ಹಾಕಿದರೆ ಬಾಟಲಿ ಒಡೆದೀತು.

ಆಮೇಲೆ ಮುಖ್ಯವಾದ ಕೆಲಸ: ತಳದಲ್ಲಿ ಕುಳಿತ ಗಸಿಯನ್ನು ಕದಡದೆ ತಿಳಿಯನ್ನು ಇನ್ನೊಂದು ಪಾತ್ರೆಗೆ ಬಗ್ಗಿಸುವುದು. ಪ್ರವಾದಿ ಯೆರೆಮೀಯ ಈ ಕೆಲಸವನ್ನು ಬಲ್ಲವನಾಗಿದ್ದ. ಮೋವಾಬ್ ಜನಾಂಗ ಚಿಕ್ಕಂದಿನಿಂದ ನೆಮ್ಮದಿಯಾಗಿ ತನ್ನ ಗಸಿಯ ಮೇಲೆಯೇ ಕುಳಿತಿತ್ತು, ಪಾತ್ರೆಯಿಂದ ಪಾತ್ರೆಗೆ ಅದನ್ನು ಯಾರೂ ಸುರಿಯಲಿಲ್ಲ, ಆದ್ದರಿಂದ ಅದರ ರುಚಿ ಬದಲಾಗಲೇ ಇಲ್ಲ ಎಂದು ಅವನು ಹೇಳುತ್ತಾನೆ (ಯೆರೆಮೀಯ 48:11).

ಈ ಮಾತು ನಮ್ಮೂರಿನ ಜನರಿಗೆ ಬಲ್ಲ ಮಾತು. 2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಎಷ್ಟೋ ತಂದೆ ತಾಯಂದಿರು, ಮಕ್ಕಳು ಮುಂಜಾನೆ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಈ ಕಷ್ಟ ದೇವರು ಬಯಸಿ ತಂದದ್ದು ಎನ್ನಬಾರದು. ಮನುಷ್ಯರ ನಿರ್ಧಾರಗಳಿಗೆ ಮನುಷ್ಯರೇ ಹೊಣೆ. ಆದರೆ ಪಾತ್ರೆಯಿಂದ ಪಾತ್ರೆಗೆ ಸುರಿಯಲ್ಪಟ್ಟವರು ಗಸಿಯನ್ನು ಹಿಂದೆ ಬಿಟ್ಟು ತಿಳಿಯಾಗಬಹುದು. ಈ ಸಾಧ್ಯತೆಯನ್ನು ದೇವರ ಕೃಪೆ ನಮಗೆ ತೆರೆದಿಡುತ್ತದೆ.

2. ರುಚಿ ನೋಡುವ ಕ್ರಮ

ಹೋದ ವರ್ಷದ ಬಾಟಲಿಯನ್ನೂ ಮೂರು ವರ್ಷದ ಹಿಂದಿನದನ್ನೂ ಪಕ್ಕಪಕ್ಕದಲ್ಲಿಡಿ. ಗಾಜಿನ ಲೋಟಗಳಿಗೆ ಎರಡೆರಡು ಚಮಚದಷ್ಟು ಮಾತ್ರ ಸುರಿಯಿರಿ. ಮೊದಲು ಬೆಳಕಿಗೆ ಹಿಡಿದು ನೋಡಿ. ಹೊಸದು ನೇರಳೆ; ಹಳೆಯದು ಇಟ್ಟಿಗೆಯ ಕೆಂಪಿಗೆ ತಿರುಗಿರುತ್ತದೆ. ಆಮೇಲೆ ಮೂಸಿ. ಹೊಸದರಲ್ಲಿ ಹಸಿ ಹಣ್ಣಿನ ವಾಸನೆ ಮುಂದೆ ಬರುತ್ತದೆ. ಹಳೆಯದರಲ್ಲಿ ಒಣದ್ರಾಕ್ಷಿ, ಚಕ್ಕೆ ಒಂದರೊಳಗೊಂದು ಬೆರೆತಿರುತ್ತವೆ. ಕೊನೆಗೆ ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿ. ಸಿಪ್ಪೆ ಬೀಜಗಳಿಂದ ಬಂದ ಒಗರು ಕಾಲಕ್ರಮೇಣ ಕೂಡಿಕೊಂಡು ತಳ ಸೇರುವುದರಿಂದ ಹಳೆಯದು ಗಂಟಲಿಗೆ ಮೃದು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ತಿಳಿಯಬೇಡಿ. ಗಾಳಿ ಹೆಚ್ಚು ತಾಗಿದರೆ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. ಮೂಗಿಗೆ ವಿನೆಗರ್ ಹೊಡೆಯುತ್ತದೆ. ನಮ್ಮ ಬೇಸಿಗೆಯ ಸೆಕೆಯಲ್ಲಿ ಮನೆವೈನು ಬಹುಕಾಲ ಬಾಳುವುದಿಲ್ಲ. ಕಾಲವೊಂದೇ ಏನನ್ನೂ ಹದಗೊಳಿಸದು. ಕಾಯುವವರ ಎಚ್ಚರವೂ ಬೇಕು. ಸಿರಾಖನು ಹೊಸ ಗೆಳೆಯನನ್ನು ಹೊಸ ದ್ರಾಕ್ಷಾರಸಕ್ಕೆ ಹೋಲಿಸಿ, ಅದು ಹಳತಾದ ಮೇಲೆ ಸಂತೋಷದಿಂದ ಕುಡಿಯುವಿ ಎನ್ನುವ ಅರ್ಥದಲ್ಲಿ ಬೋಧಿಸುತ್ತಾನೆ (9:10). ದಾಂಪತ್ಯವೂ ಹೀಗೆಯೇ. ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಅದು ಸಿಹಿಯಾಗದು. ಪದೇ ಪದೇ ಗಸಿ ಬಿಟ್ಟು ತಿಳಿ ಎತ್ತಿದವರ ಮನೆಯಲ್ಲಿ ಸಿಹಿಯಾಗುತ್ತದೆ.

3. ಇದು ಬಲಿಪೀಠಕ್ಕೆ ಸಲ್ಲುವುದೇ?

ಕೆಲವರು ಪ್ರೀತಿಯಿಂದ ಕೇಳುತ್ತಾರೆ: "ಸ್ವಾಮಿ, ನಮ್ಮ ಮನೆಯ ವೈನನ್ನು ಪೂಜೆಗೆ ಕೊಡಬಹುದೇ?" ಇಲ್ಲ. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯ ಹಣ್ಣಿನಿಂದಲೇ ಆದ, ಸಹಜವಾದ, ಕೆಡದ ರಸವಾಗಿರಬೇಕು ಎಂದು ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ (924). ಸಕ್ಕರೆ, ಗೋಧಿ, ಮಸಾಲೆ ಬೆರೆತದ್ದು ಅಲ್ಲಿಗೆ ಸಲ್ಲದು. ನಿಮ್ಮ ಬಾಟಲಿಯ ಸ್ಥಾನ ಮನೆಯ ಮೇಜು. ಅದನ್ನು ಮಾರುವ ಆಲೋಚನೆಯೂ ಬೇಡ. ಮದ್ಯದ ತಯಾರಿಕೆ, ಮಾರಾಟಕ್ಕೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ನಿಬಂಧನೆಗಳಿವೆ ಎಂಬುದನ್ನು ಮರೆಯಬಾರದು.

4. ಪಕ್ಕದಲ್ಲಿ ಕುಳಿತವನು

ಈಗ ಕಷ್ಟದ ವಿಷಯಕ್ಕೆ ಬರೋಣ. ನಮ್ಮ ಎಷ್ಟೋ ಮನೆಗಳನ್ನು ಕುಡಿತ ಹಾಳುಮಾಡಿದೆ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿತ ಬಿಟ್ಟು ಎಂಟು ತಿಂಗಳಾದ ಒಬ್ಬ ಮಗ ಹಬ್ಬದೂಟಕ್ಕೆ ಬಂದಿದ್ದಾನೆ ಎಂದುಕೊಳ್ಳಿ. ಮನೆಯವರು, "ಇದು ಸಾರಾಯಿಯಲ್ಲ, ಅಜ್ಜಿ ಮಾಡಿದ ವೈನು, ಒಂದು ಗುಟುಕು ತಾನೆ!" ಎನ್ನುತ್ತಾರೆ. ಆ ಒಂದು ಗುಟುಕು ಅವನ ಎಂಟು ತಿಂಗಳ ಹೋರಾಟವನ್ನು ಮುಗಿಸಬಲ್ಲದು. ಮನೆವೈನು ಹಣ್ಣಿನ ಪಾನಕವಲ್ಲ. ಅದರಲ್ಲಿ ಬಿಯರಿಗಿಂತ ಹೆಚ್ಚು ಮದ್ಯಸಾರ ಇರಬಹುದು. ಮಕ್ಕಳಿಗೂ ಗರ್ಭಿಣಿಯರಿಗೂ ಅದು ಬೇಡ.

ದ್ರಾಕ್ಷಾರಸ ತನ್ನಷ್ಟಕ್ಕೆ ಪಾಪವಲ್ಲ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಆದರೆ ನಾಲ್ಕು ಸಂದರ್ಭಗಳಲ್ಲಿ ಅದು ತಪ್ಪಾಗುತ್ತದೆ ಎಂದರು: ಕುಡಿಯುವವನಿಗೆ ಅದರಿಂದ ಸುಲಭವಾಗಿ ಕೆಡುಕಾಗುವುದಾದರೆ, ಕುಡಿಯುವುದಿಲ್ಲವೆಂದು ಹರಕೆ ಹೊತ್ತಿದ್ದರೆ, ಮಿತಿ ಮೀರಿದರೆ, ಮತ್ತು ಇತರರಿಗೆ ಎಡವಲು ಕಾರಣವಾದರೆ. ಈ ಕೊನೆಯದನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲೂ ನೋಡುತ್ತೇವೆ (14:21).

ಧರ್ಮಸಭೆ ಏನು ಮಾಡುತ್ತದೆಂದು ಗಮನಿಸಿ. ಮದ್ಯ ಸೇವಿಸಲಾಗದ ಯಾಜಕನು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುಳಿಯುವಿಕೆಯನ್ನು ತಡೆದ ಶುದ್ಧ ದ್ರಾಕ್ಷಿರಸದಿಂದ ಬಲಿಪೂಜೆ ಅರ್ಪಿಸಬಹುದು. ಪವಿತ್ರ ಬಲಿಪೀಠದ ಪಾನಪಾತ್ರೆಯ ವಿಷಯದಲ್ಲೇ ಧರ್ಮಸಭೆ ಬಲಹೀನನಾದ ಒಬ್ಬ ಮಗನಿಗಾಗಿ ದಾರಿ ಮಾಡಿಕೊಟ್ಟಿದೆ. ಹಾಗಿರುವಾಗ ನಮ್ಮ ಹಬ್ಬದ ಮೇಜಿನ ಮೇಲೆ ಅವನಿಗಾಗಿ ಒಂದು ಲೋಟ ದ್ರಾಕ್ಷಿ ಪಾನಕ ಇಡುವುದು ನಮಗೆ ಭಾರವೇ? ಅಗತ್ಯವಾದರೆ ಆ ವರ್ಷ ಬಾಟಲಿ ತೆರೆಯದೇ ಇರಲಿ. ಹಳೆಯ ರಸ ಇನ್ನೊಂದು ವರ್ಷ ಕಾಯಬಲ್ಲದು. ಕೆಟ್ಟರೂ ನಷ್ಟ ಒಂದು ಬಾಟಲಿ ಮಾತ್ರ.

5. ಕಾನಾ ಊರಿನ ಮದುವೆ

ಯೊವಾನ್ನರ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಔತಣದ ಮೇಲ್ವಿಚಾರಕ ರುಚಿ ನೋಡಿದ ರಸಕ್ಕೆ ವಯಸ್ಸೇ ಇರಲಿಲ್ಲ; ಆಗ ತಾನೇ ಆರು ಕಲ್ಲುಬಾನಿಗಳಲ್ಲಿ ನೀರಾಗಿತ್ತು. ಆದರೂ ಅದೇ ಶ್ರೇಷ್ಠವೆನಿಸಿತು. ಪ್ರತಿವರ್ಷ ದ್ರಾಕ್ಷಿಬಳ್ಳಿಯಲ್ಲಿ ಮಳೆನೀರನ್ನು ರಸವಾಗಿಸುವ ದೇವರೇ ಅಲ್ಲಿ ಅದನ್ನು ಕ್ಷಣದಲ್ಲಿ ಮಾಡಿದರು ಎಂದು ಸಂತ ಅಗಸ್ಟೀನರು ವಿವರಿಸುತ್ತಾರೆ. ಅದು ಆರಂಭವಾದದ್ದು ಹೇಗೆ? ಮಾತೆ ಮರಿಯ ಪಕ್ಕದ ಮನೆಯವರ ಕೊರತೆಯನ್ನು ಕಂಡರು. ರುಚಿ ನೋಡುವ ಮೊದಲು ಮೇಜಿನ ಸುತ್ತ ಕಣ್ಣು ಹಾಯಿಸುವುದನ್ನು ಅವರಿಂದ ಕಲಿಯೋಣ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಕಾಲ ಹದಗೊಳಿಸಿದ ಸಂಬಂಧ ಯಾವುದು? ಹುಳಿಯಾದದ್ದು ಯಾವುದು?
2. ಈ ವರ್ಷ ನಾವು ಹಿಂದೆ ಬಿಡಬೇಕಾದ ಗಸಿ ಯಾವುದು?
3. ನಮ್ಮ ಹಬ್ಬದೂಟದಲ್ಲಿ ಯಾರಿಗಾಗಿ ನಾವು ಲೋಟವನ್ನು ಬದಲಿಸಬೇಕು?

ಪ್ರಾರ್ಥನೆ: ಪ್ರಭುವೇ, ಕಾಯುವ ತಾಳ್ಮೆಯನ್ನೂ ಸಾಕೆನ್ನುವ ಮನಸ್ಸನ್ನೂ ನಮಗೆ ಕೊಡಿ. ನಮ್ಮ ಸಂತೋಷ ಯಾರ ಕಣ್ಣೀರಿಗೂ ಕಾರಣವಾಗದಿರಲಿ. ಆಮೆನ್.