ಕರೆಂಟು ಮರಳಿ ಬಂದಾಗ ಮೋಟರ್ ಏನು ಮಾಡಬೇಕು?

ಹೈದರಾಬಾದಿನ ಬಹಳಷ್ಟು ಕಡೆ ನಲ್ಲಿ ನೀರು ದಿನ ಬಿಟ್ಟು ದಿನ. ಬಂದ ನೀರು ಮೊದಲು ಸಂಪಿಗೆ, ಅಲ್ಲಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ. ಕಾಚಿಗುಡದ ನಮ್ಮ ಮನೆಯ ಮೋಟರಿಗೆ ವೈಫೈ ಸ್ವಿಚ್ ಹಾಕಿಸಿದೆವು. ಸ್ವಿಚ್ಚು ಕೆಳಗೆ, ನಾವು ಮೇಲೆ. ಆದರೂ ಫೋನಿನಲ್ಲಿ ಒತ್ತಿದ್ದು ಎಲ್ಲೋ ಇರುವ ಕಂಪನಿಯ ಸರ್ವರ್ ಮುಟ್ಟಿ ತಿರುಗಿ ಬರಬೇಕು. ಇಂಟರ್‌ನೆಟ್ ಕೈಕೊಟ್ಟ ದಿನ ಅವ್ವ ಮಂಡಿನೋವಿನಲ್ಲೇ ಮೆಟ್ಟಿಲಿಳಿದು ಬಂದು, "ಹಳೀ ಬಟನ್ನೇ ಛಲೋ ಇತ್ತು ನೋಡಪಾ" ಅಂದಳು. ಕಲಬುರಗಿಯವರು ಸುತ್ತಿ ಬಳಸಿ ಮಾತಾಡುವುದಿಲ್ಲ.

ಸ್ವಿಚ್ಚಿನೊಳಗೆ ಇದ್ದದ್ದು ಇಎಸ್‌ಪಿ8266. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಚಿಪ್. 2014ರಿಂದ ಹವ್ಯಾಸಿಗಳ ಕೈಗೆ ಸಿಕ್ಕು ಜಗತ್ತಿಗೆಲ್ಲ ಹರಡಿತು. ಇದಕ್ಕೆ ನೆದರ್ಲ್ಯಾಂಡ್ಸಿನ ಥಿಯೋ ಆರೆಂಡ್ಸ್ ಶುರುಮಾಡಿದ ಟಾಸ್ಮೋಟಾ ಎಂಬ ಮುಕ್ತ ಫರ್ಮ್‌ವೇರ್ ಹಾಕಿದರೆ ಕಂಪನಿಯ ಸರ್ವರ್ ಗೊಡವೆಯೇ ಇರುವುದಿಲ್ಲ, ಎಲ್ಲ ಮನೆಯ ರೌಟರಿನೊಳಗೇ ನಡೆಯುತ್ತದೆ.

ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್, ಅಂದರೆ ಇದನ್ನು ಬರೆಯಲು ಕಂಪ್ಯೂಟರನ್ನು ಚಿಪ್ಪಿಗೆ ಜೋಡಿಸುವ ಕೊಂಡಿ, ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಕ್ಕಿತು. ಅಂಗಡಿಯವರು ಹಣ ಎಣಿಸಿಕೊಳ್ಳುತ್ತಲೇ, "ಪೈಲೆ ಜಂಪರ್ ದೇಖ್ಲೋ" ಅಂದರು. ಅಷ್ಟೇ ಸಾಕಿತ್ತು. ಅಡಾಪ್ಟರಿನ ವೋಲ್ಟೇಜ್ ಜಂಪರ್ 5 ವೋಲ್ಟಿನಲ್ಲಿದ್ದರೆ 3.3 ವೋಲ್ಟಿನ ಈ ಚಿಪ್ ಸುಟ್ಟುಹೋಗಬಹುದು. ಸ್ವಿಚ್ಚನ್ನು 230 ವೋಲ್ಟಿನ ತಂತಿಯಿಂದ ಪೂರ್ತಿ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡ ಮೇಲೇ ಕೆಲಸ, ಇದರಲ್ಲಿ ರಾಜಿಯಿಲ್ಲ. ಆರ್‌ಎಕ್ಸ್‌ಗೆ ಟಿಎಕ್ಸ್, ಟಿಎಕ್ಸ್‌ಗೆ ಆರ್‌ಎಕ್ಸ್. ಬೋರ್ಡಿನ ಗುಂಡಿಯನ್ನು ಒತ್ತಿ ಹಿಡಿದು ಪವರ್ ಕೊಟ್ಟರೆ ಚಿಪ್ ಹೊಸ ಫರ್ಮ್‌ವೇರ್ ಬರೆಸಿಕೊಳ್ಳಲು ತಯಾರಾಗುತ್ತದೆ. ಹಳೆಯದನ್ನು ಅಳಿಸುವ ಮುನ್ನ ಅದರ ಪ್ರತಿ ತೆಗೆದಿಟ್ಟುಕೊಳ್ಳಬೇಕು; 1 ಎಂಬಿ ಅಷ್ಟೇ, ಒಂದೆರಡು ನಿಮಿಷದ ಮಾತು.

ಫರ್ಮ್‌ವೇರ್ ಹಾಕುವುದು ಕಷ್ಟವೇನಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ಆಮೇಲೆ. ಟಾಸ್ಮೋಟಾದಲ್ಲಿ 'ಪವರ್‌ಆನ್‌ಸ್ಟೇಟ್' ಎಂಬ ಸೆಟ್ಟಿಂಗ್ ಇದೆ. ನಾವು ಮುಟ್ಟದಿದ್ದರೆ ಅದು 3: ಕರೆಂಟು ಹೋಗಿ ಬಂದಾಗ ಹಿಂದಿನ ಸ್ಥಿತಿಗೇ ಮರಳುವುದು. ದೀಪಕ್ಕೆ ಇದು ಸರಿ. ನೀರು ತುಂಬುವಾಗ ಕರೆಂಟು ಹೋಗಿ ನಡುರಾತ್ರಿ ಬಂದರೆ ಮೋಟರ್ ತಾನೇ ಚಾಲೂ ಆಗುತ್ತದೆ. ಸಂಪು ಖಾಲಿಯಿದ್ದರೆ ಒಣ ಓಟ. ಹಾಗಾಗಿ ಆ ಸೆಟ್ಟಿಂಗನ್ನು 0 ಮಾಡಿದೆ: ಕರೆಂಟು ಬಂದರೂ ಮೋಟರ್ ಬಂದ್ ಆಗಿಯೇ ಇರುತ್ತದೆ. 'ಪಲ್ಸ್‌ಟೈಮ್' 1300 ಇಟ್ಟೆ. ಈ ಲೆಕ್ಕ ಸ್ವಲ್ಪ ವಿಚಿತ್ರ: 100 ಕಳೆದು ಉಳಿದದ್ದು ಸೆಕೆಂಡು, ಅಂದರೆ 20 ನಿಮಿಷಕ್ಕೆ ಮೋಟರ್ ಬಂದ್. ಎಣಿಸುವುದು ಚಿಪ್ಪೇ ಆದ್ದರಿಂದ ವೈಫೈ ಸತ್ತರೂ ನಿಲ್ಲುತ್ತದೆ.

ಇನ್ನು ಸ್ವಿಚ್ಚಿನ ಮೇಲೆ 10 ಆಂಪಿಯರ್ ಎಂದು ಬರೆದದ್ದನ್ನು ನಂಬಿ ಮೋಟರಿಗೆ ನೇರ ಜೋಡಿಸುವಂತಿಲ್ಲ. 1 ಎಚ್‌ಪಿ ಮೋಟರ್ ಅಂದರೆ 746 ವ್ಯಾಟ್. ಆದರೆ ಶುರುವಾಗುವ ಗಳಿಗೆಯಲ್ಲಿ ಅದು ಎಳೆಯುವ ಕರೆಂಟು ಓಡುವಾಗಿನ ಹಲವು ಪಟ್ಟು. ಆ ಹೊಡೆತಕ್ಕೆ ಸ್ವಿಚ್ಚಿನೊಳಗಿನ ರಿಲೇಯ ತುದಿಗಳು ಅಂಟಿಕೊಂಡರೆ ಯಾವ ಸಾಫ್ಟ್‌ವೇರೂ ಬಿಡಿಸಲಾರದು. ಹಾಗಾಗಿ ನಮ್ಮ ಎಲೆಕ್ಟ್ರಿಷಿಯನ್ ಮಧ್ಯೆ ಕಾಂಟ್ಯಾಕ್ಟರ್, ಅಂದರೆ ಮೋಟರಿನ ಕರೆಂಟು ತಡೆಯುವ ದೊಡ್ಡ ರಿಲೇ, ಹಾಕಿದರು. ವೈಫೈ ಸ್ವಿಚ್ ಈಗ ಅದರ ಕಾಯಿಲನ್ನಷ್ಟೇ ಎಳೆಯುತ್ತದೆ.

ವರಾಂಡದ ದೀಪಕ್ಕೆಂದು ಆಮೇಲೆ ತಂದ ಸ್ವಿಚ್ಚಿನಲ್ಲಿ ಇಎಸ್‌ಪಿ ಇರಲಿಲ್ಲ, ಬೆಕೆನ್ ಚಿಪ್ ಇತ್ತು. ಹೊರಗಿನ ಡಬ್ಬಿ ನೋಡಿದರೆ ಗೊತ್ತಾಗುವುದಿಲ್ಲ. ಟಾಸ್ಮೋಟಾ ಅದರ ಮೇಲೆ ನಡೆಯದು. ಅಂಥವಕ್ಕೆ ಓಪನ್‌ಬೆಕೆನ್ ಅಂತ ಬೇರೆಯದೇ ಇದೆ. ಅದನ್ನು ಹಾಕಿದ ಮೇಲೂ ಪವರ್ ಬಂದಾಗಿನ ಸೆಟ್ಟಿಂಗನ್ನೇ ಮೊದಲು ಹುಡುಕಿದೆ.